ದೀಪ ಆರಿಸದ ಕಳ್ಳಿ

ನಾನು ಕಳ್ಳತನ ಕಲಿತದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ, ಶಿವಮೊಗ್ಗದ ವಿದ್ಯಾನಗರದಲ್ಲಿ, ಹಾಡಹಗಲು, ಒಡಹುಟ್ಟಿದ ತಮ್ಮನ ಅಂಗಡಿಯಲ್ಲಿ. ನಮ್ಮ ಮನೆತನದಲ್ಲಿ ಪಕ್ಕದವರ ಹಿತ್ತಲಿನ ಕರಿಬೇವನ್ನೂ ಕೇಳದೆ ಕಿತ್ತವರಿಲ್ಲ. ಕದಿಯಬಾರದು ಎಂಬುದನ್ನು ಅ ಆ ಇ ಈ ಕಲಿಸುವ ಮೊದಲೇ ಬಾಯಿಪಾಠ ಮಾಡಿಸಿದ್ದರು. ಅಂಥವಳು ಅರಮನೆಗೆ ಕನ್ನ ಹಾಕಲು ಹೊರಟದ್ದೇಕೆ ಎಂದು ತಿಳಿಯಬೇಕಾದರೆ ಮೊದಲು ನನ್ನ ಎಡಗೈಯ ವಿಷಯ ಕೇಳಬೇಕು.

ಎರಡು ಸಾವಿರದ ಎರಡನೆಯ ಇಸವಿ, ಯುಗಾದಿ ಕಳೆದಿತ್ತು. ಭದ್ರಾವತಿಯ ನಮ್ಮ ಮನೆಯಲ್ಲಿ ಬೆಳಗಿನ ಪೂಜೆಗೆ ಕೂತಿದ್ದೆ. ನಾವು ಲಿಂಗ ಕಟ್ಟಿಕೊಂಡವರು. ಕೊರಳಿನ ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು, ಬಲಗೈಯಿಂದ ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸುವುದು ನಮ್ಮ ಪೂಜೆ. ಬೇರೆಯವರಿಗೆ ಗುಡಿ ಊರಲ್ಲಿರುತ್ತದೆ, ನಮಗೆ ಅಂಗೈಯಲ್ಲಿ. ಚಿಕ್ಕವಳಿದ್ದಾಗ ದೀಕ್ಷೆಯಾದ ದಿನದಿಂದ ಜ್ವರ ಬಂದರೂ ತಪ್ಪಿಸಿರಲಿಲ್ಲ. ಅವತ್ತು ಪತ್ರೆ ಏರಿಸುವಾಗ ಮೊದಲು ಕಿರುಬೆರಳು ಹೋಯಿತು. ನೋವಿಲ್ಲ, ಉರಿಯಿಲ್ಲ, ಬೆರಳು ಅಲ್ಲಿದೆ ಎಂಬುದೇ ತಿಳಿಯಲಿಲ್ಲ. ಅಂಗೈ ಆ ಕಡೆಗೆ ವಾಲಿತು. ಲಿಂಗ ಜಾರಿ ಮಡಿಲಿಗೆ ಬಿತ್ತು. ಅದರ ಹಿಂದೆಯೇ ನಾನೂ ಬಿದ್ದೆ.

ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಬರುವಷ್ಟರಲ್ಲಿ ಕಾಲು ಬಂತು, ಮಾತೂ ಬಂತು. ಮಾತು ಹೋದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬಂದಿದೆ ಎಂದು ನಮ್ಮ ಯಜಮಾನರು ಡಾಕ್ಟರ ಎದುರಿಗೇ ಹೇಳಿದರು. ಯಜಮಾನರ ಹೆಸರು ಹಾಲಸ್ವಾಮಿ. ಕೂಗಿ ಕರೆಯುವುದಿಲ್ಲ, ಬರೆಯಲು ಅಡ್ಡಿಯಿಲ್ಲ. ಎಡಗೈ ಮಾತ್ರ ಅರ್ಧ ಬಂದು ನಿಂತಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಸೋಮಾರಿಗಳಂತೆ ನಿಧಾನವಾಗಿ ಎದ್ದವು. ಉಂಗುರದ ಬೆರಳು ಏಳಲೋ ಬೇಡವೋ ಎನ್ನುತ್ತಿತ್ತು. ಕಿರುಬೆರಳು ಏಳಲೇ ಇಲ್ಲ.

ಒಂದು ಕಿರುಬೆರಳು ಇಲ್ಲದಿದ್ದರೇನು ಎಂದು ನಾನೂ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅಂಗೈಗೆ ಆ ಕಡೆಯ ಗೋಡೆ ಅದೇ. ಅದು ಎದ್ದು ನಿಲ್ಲದಿದ್ದರೆ ಅಂಗೈಯಲ್ಲಿ ಏನಿಟ್ಟರೂ ಉರುಳಿಹೋಗುತ್ತದೆ. ನೀರು ನಿಲ್ಲುವುದಿಲ್ಲ, ಅಕ್ಕಿ ನಿಲ್ಲುವುದಿಲ್ಲ. ಲಿಂಗವಂತೂ ಇಡುವ ಹಾಗೇ ಇಲ್ಲ.

ಅವತ್ತು ಮಡಿಲಿನಿಂದ ಲಿಂಗವನ್ನು ಎತ್ತಿ, ಕಣ್ಣಿಗೊತ್ತಿಕೊಂಡು, ಕರಡಿಗೆಯಲ್ಲಿಟ್ಟು ನನ್ನ ಕೊರಳಿಗೆ ಮತ್ತೆ ಕಟ್ಟಿದವರು ನಮ್ಮ ಅತ್ತೆ ಈಶ್ವರಮ್ಮ. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿಲ್ಲ, ಮಾತು ಮೊದಲೇ ಬಾಗುವುದಿಲ್ಲ. ಆಸ್ಪತ್ರೆಯಿಂದ ಬಂದ ಮಾರನೇ ದಿನ ಬೆಳಿಗ್ಗೆ ನಾನು ಪೂಜೆಗೆ ಕೂತೆ. ಕರಡಿಗೆಗೆ ಕೈ ಹಾಕಿದ ಕೂಡಲೇ ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಬೇಡ ದಾಕ್ಷಾಯಣಿ. ಕೊರಳಲ್ಲೇ ಇರ್ಲಿ. ಅವತ್ತು ಮಡಿಲಿಗೆ ಬಿತ್ತು, ನಮ್ಮ ಪುಣ್ಯ. ನೆಲಕ್ಕೆ ಬಿದ್ದಿದ್ರೆ?"

ಕರಡಿಗೆಯಿಂದ ಕೈ ತೆಗೆದೆ. ಮನೆಗೆ ಬಂದ ಮಠದ ಅಯ್ಯನವರು, ಮನಸ್ಸನ್ನೇ ಅಂಗೈ ಅಂದುಕೊಂಡು ಪೂಜೆ ಮಾಡಿ ತಾಯಿ, ಎಂದು ಸಮಾಧಾನ ಹೇಳಿದರು. ಒಳ್ಳೆಯ ಮಾತೇ. ಆದರೆ ನನ್ನ ಮನಸ್ಸು ಅಂಗೈಯಷ್ಟು ಒಳ್ಳೆಯದಲ್ಲ ಎಂಬುದು ನನಗೆ ಗೊತ್ತಿತ್ತು. ಅದು ಪೂಜೆಗೆ ಕೂತಾಗಲೂ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಓಡಾಡುತ್ತಿರುತ್ತದೆ. ಅದನ್ನು ಒಂದು ಕಡೆ ಕಟ್ಟಿಹಾಕುತ್ತಿದ್ದದ್ದು ಅಂಗೈಯ ಆ ಭಾರವೇ. ಅದು ಹೋದ ಮೇಲೆ ಬೆಳಗು ಬೆಳಗಾಗಿಯೇ ಇರಲಿಲ್ಲ. ಯಾರಿಗೂ ಹೇಳದೆ ಬಚ್ಚಲಲ್ಲಿ ಅತ್ತಿದ್ದೇನೆ.

ಯಜಮಾನರಿಗೆ ಇದು ಗೊತ್ತಾಯಿತೆಂದು ಕಾಣುತ್ತದೆ. ಅವರು ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುವವರು. ಒಂದು ದಿನ ಸಂಜೆ ಪೇಪರಿನಲ್ಲಿ ಸುತ್ತಿದ್ದ ಏನನ್ನೋ ತಂದು ನನ್ನ ಮುಂದಿಟ್ಟರು. ಬಿಚ್ಚಿದರೆ ಪುಟ್ಟದೊಂದು ಹಿತ್ತಾಳೆ ಪೀಠ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಲಿಂಗ ಇದ್ರ ಮೇಲಿಟ್ಕೊಂಡು ಒಂದೇ ಕೈಲಿ ಪೂಜೆ ಮಾಡ್ಕೋಬಹುದು. ಬೀಳೋ ಭಯ ಇಲ್ಲ," ಎಂದರು.

"ನನಗೆ ಕೈ ಬೇಕು ರೀ. ಹಿತ್ತಾಳೆ ಬೇಡ," ಎಂದೆ.

ಅವರ ಮುಖ ಸಣ್ಣಗಾಯಿತು. ಪೀಠವನ್ನು ಗೋಡೆಯ ಗೂಡಿನಲ್ಲಿಟ್ಟು ಕಾಲು ತೊಳೆಯಲು ಹೋದರು. ನನಗೂ ಕೆಟ್ಟದೆನಿಸಿತು. ಆದರೆ ತಪ್ಪಾಯಿತು ಎಂದು ಹೇಳಲಿಲ್ಲ. ಹೇಳಿದ್ದರೆ ಮಾರನೇ ದಿನವೇ ಆ ಪೀಠ ಬಳಕೆಗೆ ಬಂದುಬಿಡುತ್ತಿತ್ತು. ಶ್ರಾವಣದ ಮೊದಲ ಸೋಮವಾರ ನಮ್ಮಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಲಿಂಗಪೂಜೆ ಮಾಡುವ ರೂಢಿ. ಅಷ್ಟರೊಳಗೆ ಅಂಗೈಗೆ ತೆಗೆದುಕೊಳ್ಳುತ್ತೇನೆ ಎಂದು ಆ ರಾತ್ರಿ ಹಟ ತೊಟ್ಟೆ. ಬಾಯಿಬಿಟ್ಟು ಹೇಳಿಯೂ ಹೇಳಿದೆ. ಯಾರೂ ನಂಬಲಿಲ್ಲ.

ಕೈಯ ವ್ಯಾಯಾಮಕ್ಕೆ ಶಿವಮೊಗ್ಗಕ್ಕೆ ಹೋಗಬೇಕಿತ್ತು. ಅಲ್ಲಿ ಹರಿಪ್ರಸಾದ್ ಎಂಬ ಫಿಸಿಯೋಥೆರಪಿಯವರು. ಒಳ್ಳೆಯ ಮನುಷ್ಯ, ಆದರೆ ನಾನು ಎಲ್‌ಕೆಜಿ ಹುಡುಗಿ ಎಂಬಂತೆ ಮಾತಾಡುತ್ತಿದ್ದರು. "ಚೆಂಡು ಹಿಸುಕಿ ಮೇಡಂ, ಗುಡ್, ಇನ್ನೊಂದ್ಸಲ." ಆ ರಬ್ಬರ್ ಚೆಂಡನ್ನು ನಾನು ಎರಡು ವಾರ ಹಿಸುಕಿದೆ. ಮೂರು ಬೆರಳು ಹಿಸುಕುತ್ತಿದ್ದವು, ಕಿರುಬೆರಳು ಪಕ್ಕದಲ್ಲಿ ಮಲಗಿ ನೋಡುತ್ತಿತ್ತು. ಕೈಲಾಗದವನು ಮೈ ಪರಚಿಕೊಂಡ ಎನ್ನುವ ಹಾಗೆ ಒಂದು ದಿನ ಚೆಂಡನ್ನು ಬೀದಿಗೆ ಎಸೆದೆ. ಬೀದಿನಾಯಿ ಕಚ್ಚಿಕೊಂಡು ಹೋಯಿತು. ಆಮೇಲೆ ಹರಿಪ್ರಸಾದ್, ಅಂಗೈ ಮೇಲೆ ಮಾಡಿ ನಿಂಬೆಹಣ್ಣು ಇಟ್ಟುಕೊಂಡು ಕೂರಿ ಎಂದರು.

ಬಸ್ಸಿನಲ್ಲಿ ಹಾಗೇ ಕೂರುತ್ತಿದ್ದೆ. ಯಜಮಾನರು ಪಕ್ಕದಲ್ಲಿ ಮಾಚೇನಹಳ್ಳಿಯವರೆಗೆ. ಬಸ್ಸು ಎಲ್ಲಿ ಕುಲುಕಿದರೆ ಅಲ್ಲಿ ನಿಂಬೆಹಣ್ಣು ಉರುಳುತ್ತಿತ್ತು. ಬಸ್ಸಿನಲ್ಲಿ ನಿಂಬೆಹಣ್ಣು ಉರುಳಿದರೆ ನಮ್ಮ ಜನ ಏನು ಮಾಡುತ್ತಾರೆ ಗೊತ್ತಲ್ಲ, ಸೀಟಿನ ಮೇಲೆ ಕಾಲೆತ್ತಿಕೊಳ್ಳುತ್ತಾರೆ. "ಅಮ್ಮೋರೇ, ಮಾಟ ಮಾಡೋದಿದ್ರೆ ಇಳ್ದು ಮಾಡಿ," ಎಂದ ಕಂಡಕ್ಟರ್. ಒಂದು ದಿನವೂ ಆ ಹಣ್ಣು ಮಾಚೇನಹಳ್ಳಿ ದಾಟಲಿಲ್ಲ.

ಹರಿಪ್ರಸಾದರ ಬಳಿ ಕೆಲಸ ಮುಗಿದ ಮೇಲೆ ವಿದ್ಯಾನಗರದಲ್ಲಿ ನನ್ನ ತಮ್ಮ ಜ್ಞಾನೇಶನ ಸೈಬರ್ ಅಂಗಡಿಯಲ್ಲಿ ಕೂತು ಸುಧಾರಿಸಿಕೊಂಡು ಬಸ್ಸು ಹತ್ತುತ್ತಿದ್ದೆ. ಪ್ಲೈವುಡ್ ಗೂಡುಗಳು, ಗೂಡಿಗೊಂದು ಕಂಪ್ಯೂಟರು. ಕಾಲೇಜು ಹುಡುಗರು ಇ-ಮೇಲ್ ನೋಡುತ್ತೇವೆ ಎಂದು ಬಂದು ಇನ್ನೇನೋ ನೋಡುವ ಜಾಗ. ನಾನು ಬಾಗಿಲ ಬಳಿ ಕೂತರೆ ಅವರು ಬೆವರುತ್ತಿದ್ದರು.

"ಅಕ್ಕ, ಹಾಗೆ ಎಲ್ಲರ ಮುಖ ದುರುಗುಟ್ಟಿ ನೋಡ್ಬೇಡ ಮಾರಾಯ್ತಿ. ಗಿರಾಕಿಗಳು ಹೆದರ್ತಾರೆ," ಎನ್ನುತ್ತಿದ್ದ ಜ್ಞಾನೇಶ.

ಒಂದು ಮಧ್ಯಾಹ್ನ ಅಂಗಡಿ ಖಾಲಿಯಿತ್ತು. ಅವನು ಒಂದು ಆಟ ಹಾಕಿಕೊಂಡು ಕೂತಿದ್ದ. ಪರದೆಯ ತುಂಬ ಕತ್ತಲೆ. ಕಲ್ಲಿನ ಗೋಡೆ, ಅಲ್ಲಲ್ಲಿ ಉರಿಯುವ ದೀಪ. ಕಪ್ಪು ಅಂಗಿಯವನೊಬ್ಬ ಗೋಡೆಗೆ ಒತ್ತಿಕೊಂಡು ನಡೆಯುತ್ತಿದ್ದ.

"ಯಾರೋ ಇವನು?" ಎಂದೆ.

"ಕಳ್ಳ. ಅಂತಿಂಥ ಕಳ್ಳ ಅಲ್ಲ, ಕಳ್ಳರಿಗೆಲ್ಲ ಗುರು. ದೊಡ್ಡ ದೊಡ್ಡೋರ ಮನೆಗೆ ನುಗ್ಗಿ ಯಾರ ಕಣ್ಣಿಗೂ ಬೀಳದೆ ಕದ್ಕೊಂಡು ಬರ್ಬೇಕು. ಜಗಳ ಆಡಂಗಿಲ್ಲ, ಯಾರನ್ನೂ ಹೊಡೆಯಂಗಿಲ್ಲ. ಕಾವಲುಗಾರ ನೋಡಿದ್ನೋ, ಆಟ ಮುಗೀತು."

ನಾನು ಕಳ್ಳನನ್ನು ನೋಡುತ್ತಿರಲಿಲ್ಲ. ಜ್ಞಾನೇಶನ ಎಡಗೈಯನ್ನು ನೋಡುತ್ತಿದ್ದೆ. ಮೂರು ಬೆರಳು ನಡುವಿನ ಕೀಗಳ ಮೇಲೆ ಆಗೀಗ ಆಡುತ್ತಿದ್ದವು. ಕಿರುಬೆರಳು ಮಾತ್ರ ಮೂಲೆಯ ಒಂದು ಕೀಯನ್ನು ಬಿಡದೆ ಒತ್ತಿ ಹಿಡಿದಿತ್ತು.

"ಆ ಬೆರಳು ಏನ್ ಮಾಡ್ತಿದೆ?"

"ಇದಾ? ಇದು ಒತ್ತಿ ಹಿಡಿದಿರೋವರೆಗೂ ಮೆಲ್ಲಗೆ ನಡೀತಾನೆ. ಬಿಟ್ರೆ ಓಡ್ತಾನೆ, ಕಲ್ಲಿನ ಮೇಲೆ ಬೂಟು ಸದ್ದು ಮಾಡುತ್ತೆ, ಎಲ್ಲರೂ ಬರ್ತಾರೆ. ಕಿರುಬೆರಳೇ ಇಲ್ಲಿ ಮುಖ್ಯ."

"ಏಳು," ಎಂದೆ.

"ಯಾಕೆ?"

"ಏಳೋ, ನಾನು ಕೂರ್ಬೇಕು."

ಅವನು ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿ ಎದ್ದ. ನಡೆಯುವ ಕೀಗಳನ್ನೆಲ್ಲ ಬಲಗೈಗೆ ಹಾಕಿಕೊಡುತ್ತೇನೆ, ಸುಲಭವಾಗುತ್ತದೆ, ಎಂದ. ಸುಲಭ ಬೇಕಾಗಿದ್ದರೆ ಮನೆಯಲ್ಲಿ ಹಿತ್ತಾಳೆ ಪೀಠ ಇರಲಿಲ್ಲವೇ? ಬಲಗೈಗೆ ಮೌಸ್ ಕೊಟ್ಟೆ. ಎಡಗೈಯನ್ನು ಎತ್ತಿ ಕೀಬೋರ್ಡಿನ ಮೇಲಿಟ್ಟು, ಸತ್ತಂತಿದ್ದ ಕಿರುಬೆರಳನ್ನು ಮೂಲೆಯ ಕೀಯ ಮೇಲೆ ಕೂರಿಸಿದೆ.

ಮೊದಲ ದಿನ ಕಳ್ಳ ಒಂದು ಹೆಜ್ಜೆಯೂ ಮೆಲ್ಲಗೆ ಇಡಲಿಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕರೆದಂತೆ ದಡಬಡ ಓಡಿ ನೇರ ಕಾವಲುಗಾರನ ಹೊಟ್ಟೆಗೇ ಹೋಗಿ ನಿಲ್ಲುತ್ತಿದ್ದ. ಕೀಬೋರ್ಡು ಸರಿಯಿಲ್ಲ ಎಂದೆ. "ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ," ಎಂದ ಜ್ಞಾನೇಶ. ಅವನಿಗೆ ಬೈದು ಮತ್ತೆ ಶುರು ಮಾಡಿದೆ. ಬಸ್ಸು ಹೋಯಿತು, ಇನ್ನೊಂದು ಬಸ್ಸೂ ಹೋಯಿತು. ಹೊರಡುವ ಹೊತ್ತಿಗೆ ಕಿರುಬೆರಳಿನ ಬುಡದಲ್ಲಿ ಸಣ್ಣಗೆ ನೋವಿತ್ತು. ಲಕ್ವ ಹೊಡೆದ ಮೇಲೆ ಆ ಬೆರಳಿಗೆ ನೋವಾದದ್ದು ಅದೇ ಮೊದಲು. ನನಗೆ ಎಷ್ಟು ಸಂತೋಷವಾಯಿತೆಂದರೆ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ಮಸಾಲೆ ದೋಸೆ ತಿಂದೆ.

ಮುಂದಿನ ಸಲ ಹೋದಾಗ ಹೊಸ ತಕರಾರು ಶುರುವಾಯಿತು. ಕಳ್ಳ ನುಗ್ಗಿದ ಮನೆಯೊಳಗಿನ ಓಣಿಯಲ್ಲಿ ದೀಪದ ಬೆಳಕಿತ್ತು. ಬೆಳಕಿಗೆ ಹೋದರೆ ಕಾವಲುಗಾರನ ಕಣ್ಣಿಗೆ ಬೀಳುತ್ತೇನೆ.

"ಆ ದೀಪ ಆರಿಸಕ್ಕ," ಎಂದ ಜ್ಞಾನೇಶ. "ಅವನ ಚೀಲದಲ್ಲಿ ಒದ್ದೆ ಬಟ್ಟೆ ಉಂಡೆ ಇದೆ. ಎಸೆದ್ರೆ ದೀಪ ಆರುತ್ತೆ, ಕತ್ತಲಾಗುತ್ತೆ, ಆರಾಮಾಗಿ ನಡ್ಕೊಂಡು ಹೋಗು."

"ಬಿಡ್ತು ಅನ್ನು," ಎಂದೆ.

"ಏನು?"

"ಬಿಡ್ತು ಅನ್ನೋ ಮೊದ್ಲು. ಬಾಯಲ್ಲಿ ಎಂಥ ಮಾತು ಬರುತ್ತೆ ನಿನಗೆ? ಅಮ್ಮ ಇದನ್ನೇ ಕಲಿಸಿದ್ದಾ?"

ನಮ್ಮ ಕಡೆ ದೀಪವನ್ನು ಊದುವುದಿಲ್ಲ, ಆರಿಸು ಎಂದು ಬಾಯಲ್ಲಿ ಅನ್ನುವುದೂ ಇಲ್ಲ. ಬತ್ತಿಯನ್ನು ಮೆಲ್ಲಗೆ ಎಣ್ಣೆಯೊಳಕ್ಕೆ ಎಳೆದು, ಶಾಂತ ಮಾಡಿದೆ ಎನ್ನುತ್ತೇವೆ. ಮನೆಯಲ್ಲಿ ಕಾಯಿಲೆಯವರಿದ್ದರಂತೂ ಅದಾಗಿಯೇ ಶಾಂತವಾಗುವವರೆಗೆ ಅದರ ತಂಟೆಗೇ ಹೋಗುವುದಿಲ್ಲ. ಇಲ್ಲಿ ಕಾಯಿಲೆಯವಳು ನಾನೇ. ನಾನೇ ಒದ್ದೆ ಬಟ್ಟೆ ಎಸೆದು ಒಂದು ಮನೆಯ ದೀಪ ನಂದಿಸಲೇ?

"ಅಕ್ಕ, ಅದು ಕಂಪ್ಯೂಟರ್ ದೀಪ. ಅಲ್ಲಿ ಮನೆಯೂ ಇಲ್ಲ, ಮಠವೂ ಇಲ್ಲ. ಕದಿಯೋದು ಪರವಾಗಿಲ್ಲ, ದೀಪ ಆರಿಸೋದು ತಪ್ಪಾ?"

"ಕದ್ರೆ ಅವರ ವಸ್ತು ಹೋಗುತ್ತೆ, ಮತ್ತೆ ಮಾಡಿಸ್ಕೊಳ್ತಾರೆ. ದೀಪ ಹೋದ್ರೆ ಮನೆಗೇ ಒಳ್ಳೇದಲ್ಲ."

ಅವನು ಹಣೆ ಚಚ್ಚಿಕೊಂಡ. ದೀಪ ಆರಿಸದೆ ಈ ಆಟ ಮುಗಿಸಿದವರು ಯಾರೂ ಇಲ್ಲ, ಈ ಆಟ ತಯಾರಿಸಿದವರೇ ಹಾಗೆ ಆಡಿಲ್ಲ, ಎಂದು ಏನೇನೋ ಹೇಳಿದ. ನಾನು ಕೇಳಲಿಲ್ಲ. ಬೆಳಕಿನಲ್ಲಿ ನಡೆಯಲು ಒಂದೇ ದಾರಿಯಿತ್ತು. ಕಾವಲುಗಾರ ಬೆನ್ನು ತಿರುಗಿಸಿದಾಗ ಉಸಿರಿನಷ್ಟು ಮೆಲ್ಲಗೆ ನಡೆಯಬೇಕು, ಅವನು ತಿರುಗುವಷ್ಟರಲ್ಲಿ ಕಂಬದ ಸಣ್ಣ ನೆರಳಿನಲ್ಲಿ ಕಲ್ಲಾಗಿ ನಿಲ್ಲಬೇಕು. ಕತ್ತಲಲ್ಲಾದರೆ ಬೆರಳು ಒಮ್ಮೆ ಜಾರಿದರೂ ನಡೆಯುತ್ತದೆ. ಬೆಳಕಲ್ಲಿ ಕಿರುಬೆರಳು ಒಂದು ಕ್ಷಣವೂ ಸಡಿಲವಾಗುವಂತಿಲ್ಲ. ನನ್ನ ಕಿರುಬೆರಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಹರಿಪ್ರಸಾದರೂ ಕೊಟ್ಟಿರಲಿಲ್ಲ.

ಹೀಗೆ ಜೂನ್ ಕಳೆಯಿತು. ನಾನು ದಿವಾನನ ಮನೆಯಿಂದ ಬೆಳ್ಳಿ ತಟ್ಟೆ ಕದ್ದೆ, ವ್ಯಾಪಾರಿಯ ಮಹಡಿಯಿಂದ ಮುತ್ತಿನ ಸರ ಕದ್ದೆ, ಎರಡೂ ಕಡೆ ದೀಪಗಳು ಉರಿಯುತ್ತಲೇ ಇದ್ದವು. ಒಂದು ಗುಟ್ಟೂ ಕಲಿತೆ. ಬೆರಳು ನಡುಗತೊಡಗಿದಾಗ ಬುದ್ಧಿ ಹೇಳುತ್ತದೆ, ಇನ್ನೂ ಗಟ್ಟಿಯಾಗಿ ಒತ್ತು ಎಂದು. ಒತ್ತಿದರೆ ಪಕ್ಕದ ಬೆರಳುಗಳೂ ಅದರ ಜೊತೆ ಸೆಟೆದುಕೊಂಡು ಕಳ್ಳ ನೆಗೆದೇಬಿಡುತ್ತಾನೆ. ನಡುಗಿದಾಗ ಒತ್ತಬಾರದು, ಬಿಡಲೂಬಾರದು. ಬೆರಳಿನ ಭಾರವನ್ನಷ್ಟೇ ಅಲ್ಲಿಟ್ಟು ಸುಮ್ಮನೆ ನಿಲ್ಲಬೇಕು. ನಡುಕ ತಾನಾಗಿ ಹೋಗುತ್ತದೆ. ಇದನ್ನು ಯಾರೂ ಹೇಳಿಕೊಡಲಿಲ್ಲ, ಎಷ್ಟೋ ಸಲ ಸಿಕ್ಕಿಬಿದ್ದು ಕಲಿತದ್ದು.

ಹರಿಪ್ರಸಾದ್ ಒಂದು ದಿನ ನನ್ನ ಕೈ ಹಿಡಿದು ನೋಡಿ ಹುಬ್ಬೇರಿಸಿದರು. "ಕಿರುಬೆರಳು ಎದ್ದಿದೆಯಲ್ಲ ಮೇಡಂ. ಮನೇಲಿ ಏನ್ ಮಾಡ್ತಿದೀರಾ?"

"ಕಳ್ಳತನ," ಎಂದೆ. ಅವರು ನಕ್ಕು, ಒಳ್ಳೇದು, ಮುಂದುವರಿಸಿ, ಎಂದರು. ಅದೇ ವಾರ ನಿಂಬೆಹಣ್ಣು ಮಾಚೇನಹಳ್ಳಿ ದಾಟಿತು. ಇಳಿದು ನಿಂತಿದ್ದ ಯಜಮಾನರಿಗೆ ಕಿಟಕಿಯಿಂದ ಅಂಗೈ ತೋರಿಸಿದೆ. ಬಸ್ಸು ಮರೆಯಾಗುವವರೆಗೂ ಅವರು ಅಲ್ಲೇ ನಿಂತಿದ್ದರು.

ಮನೆಯಲ್ಲಿ ಅತ್ತೆಗೆ ನಾನು ಆಟದ ಸುದ್ದಿ ಹೇಳಿರಲಿಲ್ಲ. ಹೇಳಿದವರು ಯಜಮಾನರು. ಮಾತು ಒಳಗಿಟ್ಟುಕೊಳ್ಳುವುದು ಅವರ ಜಾತಕದಲ್ಲೇ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ಹೆಮ್ಮೆಯಿಂದ, "ಅವ್ವ, ಇವತ್ತು ನಿನ್ನ ಸೊಸೆ ಸಾಹುಕಾರನ ಮನೆ ದೋಚಿದ್ಳಂತೆ," ಎಂದುಬಿಟ್ಟರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ನಾನು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಅತ್ತೆ ತುತ್ತು ಕೆಳಗಿಟ್ಟರು. ವಿವರ ಕೇಳಿದರು, ಹೇಳಿದೆವು.

"ಲಿಂಗ ಕಟ್ಕೊಂಡೋಳು, ಈ ವಯಸ್ಸಲ್ಲಿ, ಹುಡುಗರ ಮಧ್ಯೆ ಕೂತು ಕಳ್ಳತನ ಆಡ್ತೀಯ?" ಎಂದರು. ದನಿ ಏರಿರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

"ಅತ್ತೆ, ಅದರಿಂದ ಕೈ ಬರ್ತಿದೆ."

"ಕೈ ಬರ್ಬೇಕು ಅಂತ ಏನಾದ್ರೂ ಮಾಡ್ಬಹುದಾ?"

ನನಗೆ ರೇಗಿತು. "ಇಷ್ಟು ಮನೆಗೆ ನುಗ್ಗಿದೀನಿ ಅತ್ತೆ, ಒಬ್ಬರಿಗೂ ಹೊಡೆದಿಲ್ಲ. ಒಂದು ದೀಪದ ತಂಟೆಗೂ ಹೋಗಿಲ್ಲ. ಜ್ಞಾನೇಶ ಎಷ್ಟು ಬಡ್ಕೊಂಡ್ರೂ ಹೋಗಿಲ್ಲ. ಬೇಕಾದ್ರೆ ಬಂದು ನೋಡಿ."

ಅತ್ತೆ ಎದ್ದು ಕೈ ತೊಳೆದರು. ಇನ್ನು ಆ ಅಂಗಡಿಯ ಋಣ ತೀರಿತು ಎಂದುಕೊಂಡೆ. ಆದರೆ ಶ್ರಾವಣ ಹತ್ತಿರ ಬಂದಿತ್ತು. ಅವರು ಬೇಡ ಎಂದರೂ ಹೋಗುವವಳೇ ಎಂದು ನಿರ್ಧರಿಸಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿ, ಕೈಯಲ್ಲಿ ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನಡಿ. ನೋಡು ಅಂದ್ಯಲ್ಲ."

ಜ್ಞಾನೇಶ ಅವರನ್ನು ನೋಡಿ ಗಾಬರಿಯಾಗಿ ಗೂಡುಗಳಲ್ಲಿದ್ದ ಹುಡುಗರನ್ನೆಲ್ಲ ಎಬ್ಬಿಸಿ ಕಳಿಸಿದ. ನನ್ನ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ. ನಾನು ಕೊನೆಯ ಮನೆಯಲ್ಲಿದ್ದೆ, ದೊರೆಯ ಅರಮನೆ. ಉದ್ದದ ಒಂದು ಓಣಿ, ಎರಡೂ ಕಡೆ ದೀಪ, ಆ ತುದಿಯ ಕೋಣೆಯಲ್ಲಿ ಕಿರೀಟ. ಓಣಿಯ ತುಂಬ ಓಡಾಡುವವನು ಒಬ್ಬನೇ ಕಾವಲುಗಾರ, ಆದರೆ ಮಹಾ ಚುರುಕು. ತಿರುಗುವ ಮುಂಚೆ ಒಂದು ಸಲ ಕೆಮ್ಮುತ್ತಿದ್ದ. ನಮ್ಮ ಬೀದಿಯ ಏಕಾಂತಪ್ಪನವರು ಹಾಗೇ ಕೆಮ್ಮುವುದರಿಂದ ನಾನು ಅವನಿಗೂ ಏಕಾಂತಪ್ಪ ಎಂದೇ ಹೆಸರಿಟ್ಟಿದ್ದೆ.

ಅತ್ತೆ ಮೊದಲು ಪರದೆಯನ್ನು ದೇವರಿಲ್ಲದ ಗುಡಿಯನ್ನು ನೋಡುವಂತೆ ನೋಡಿದರು. ನಾನು ನಡೆದೆ. ಏಕಾಂತಪ್ಪ ಕೆಮ್ಮಿದ, ನಿಂತೆ. ಅವನು ಹೋದ, ನಡೆದೆ. ಮೂರನೆಯ ಕಂಬದ ಹತ್ತಿರ ಅತ್ತೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಬಂದ ಬಂದ. ನಿಲ್ಲು," ಎಂದು ಪಿಸುಗುಟ್ಟಿದರು.

ನಿಂತೆ. ಅಷ್ಟರಲ್ಲಿ ಅವರ ಕಣ್ಣು ಪರದೆಯಿಂದ ಇಳಿದು ಕೀಬೋರ್ಡಿಗೆ ಬಂದಿತ್ತು. ನನ್ನ ಕಿರುಬೆರಳು ಮೂಲೆಯ ಕೀಯನ್ನು ಹಿಡಿದು ನಿಂತಿತ್ತು. ಆಮೇಲೆ ಅವರು ಕಿರೀಟವನ್ನಾಗಲಿ ಏಕಾಂತಪ್ಪನನ್ನಾಗಲಿ ನೋಡಲಿಲ್ಲ. ಕೈಯನ್ನೇ ನೋಡುತ್ತ ಕೂತರು. ಕೊನೆಯ ಕಂಬದಿಂದ ಕೋಣೆಯವರೆಗೆ ನೆರಳೇ ಇಲ್ಲ, ದೊಡ್ಡದೊಂದು ದೀಪ. ನನ್ನ ಬೆರಳು ನಡುಗಲು ಶುರುವಾಯಿತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಅತ್ತೆ ಬೇರೆ ಪಕ್ಕದಲ್ಲಿದ್ದರು.

"ದಾಕ್ಷಾಯಣಿ," ಎಂದರು ಅತ್ತೆ ಮೆಲ್ಲಗೆ. "ಆ ಒಂದು ದೀಪ ಶಾಂತ ಮಾಡು. ಪರವಾಗಿಲ್ಲ. ನಾನ್ ಹೇಳ್ತಿದೀನಲ್ಲ, ದೋಷ ಏನಿದ್ರೂ ನನಗಿರ್ಲಿ."

ನಾನು ಅವರ ಮುಖ ನೋಡಿದೆ. ಮದುವೆಯಾಗಿ ಬಂದ ಹೊಸದರಲ್ಲಿ ಗಾಳಿಗೆ ದೀಪ ಆರಿದ್ದಕ್ಕೆ ಒಂದು ದಿನ ಮಾತು ಬಿಟ್ಟ ಹೆಂಗಸು ಇವರು. 

"ಬೇಡ ಅತ್ತೆ," ಎಂದು ಬೆಳಕಿಗೆ ಕಾಲಿಟ್ಟೆ. ಕಿರೀಟದ ಬಾಗಿಲಿಗೆ ಇನ್ನೇನು ನಾಲ್ಕು ಹೆಜ್ಜೆ, ಏಕಾಂತಪ್ಪ ಕೆಮ್ಮಿದ. ನಾನು ನಿಂತೆ. ಆದರೆ ನಿಂತದ್ದು ಬೆಳಕಿನಲ್ಲಿ. ಅವನು ತಿರುಗಿ ನೋಡಿದ, ಕೂಗಿದ, ಆಟ ಮುಗಿಯಿತು.

"ಅಯ್ಯೋ," ಎಂದ ಜ್ಞಾನೇಶ. ಅತ್ತೆ ಮಾತ್ರ ಪರದೆಯ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಎಡಗೈಯನ್ನು ಕೀಬೋರ್ಡಿನಿಂದ ಎತ್ತಿಕೊಂಡು, ಮಗುಚಿ, ಅಂಗೈ ಮೇಲೆ ಮಾಡಿ, ಕಿರುಬೆರಳನ್ನು ತಮ್ಮ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರು. ಅದು ಬಗ್ಗಿ ಮತ್ತೆ ಎದ್ದು ನಿಂತಿತು.

"ಸಿಕ್ಕಿಬಿದ್ದಾಗ್ಲೂ ಬೆರಳು ಬಿಟ್ಟಿರಲಿಲ್ಲ ನೀನು," ಎಂದರು. 

ಶ್ರಾವಣದ ಮೊದಲ ಸೋಮವಾರ ಬಂತು. ಕಿರೀಟ ಇನ್ನೂ ದೊರೆಯ ಹತ್ತಿರವೇ ಇತ್ತು. ನಾನು ಬೇಗ ಎದ್ದು ಮಿಂದು, ಗೂಡಿನಿಂದ ಹಿತ್ತಾಳೆ ಪೀಠ ತೆಗೆದು ಹುಣಸೆಹಣ್ಣು ಹಾಕಿ ತಿಕ್ಕಿದೆ. ಯಜಮಾನರ ಮುಖ ಅರಳಿತು. ಅದನ್ನು ದೇವರ ಮುಂದಿಟ್ಟು, ಅದರ ಮೇಲೆ ದೀಪ ಇಟ್ಟು ಹಚ್ಚಿದೆ. ಇನ್ನು ಅದರ ಮೇಲೆ ಬೇರೇನೂ ಇಡುವ ಹಾಗಿರಲಿಲ್ಲ. ಯಜಮಾನರಿಗೆ ಅರ್ಥವಾಯಿತು. "ದೀಪಕ್ಕೆ ಅಳತೆ ಸರಿಯಾಗೇ ಇದೆ," ಎಂದು ನನ್ನ ಬಲಕ್ಕೆ ಕೂತರು. ಅತ್ತೆ ಎಡಕ್ಕೆ ಕೂತರು.

ಕರಡಿಗೆ ಬಿಚ್ಚುವಾಗ ನನಗೆ ಭಯವಾಯಿತು. ಆಟದಲ್ಲಿ ಸಿಕ್ಕಿಬಿದ್ದರೆ ಮತ್ತೆ ಮೊದಲಿನಿಂದ ಶುರು ಮಾಡಬಹುದು. ಇಲ್ಲಿ ಹಾಗಿಲ್ಲ. ಈ ಸಲ ಬಿದ್ದರೆ ನಾನು ಮತ್ತೆ ಕೈಗೆ ತೆಗೆದುಕೊಳ್ಳುವುದಿಲ್ಲ, ನನಗದು ಖಂಡಿತ ಗೊತ್ತಿತ್ತು. ಅತ್ತೆ ಬೇಡ ಎನ್ನಲಿಲ್ಲ. ತಮ್ಮ ಸೆರಗನ್ನು ಬಿಚ್ಚಿ ನನ್ನ ಅಂಗೈಯ ಕೆಳಗೆ ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಕೆಳಗೆ ತಮ್ಮ ಎರಡೂ ಕೈ ಬೊಗಸೆ ಹಿಡಿದರು. ತಮ್ಮ ಪೂಜೆಯನ್ನು ಆಮೇಲೆ ಮಾಡಿಕೊಂಡರಾಯಿತು ಎಂದು.

ಲಿಂಗವನ್ನು ಅಂಗೈಗೆ ತೆಗೆದುಕೊಂಡೆ. ಆ ಭಾರ ಬಂದು ಕೂತಿತು. ನೀರೆರೆದೆ, ವಿಭೂತಿ ಹಚ್ಚಿದೆ. ಪತ್ರೆಗೆ ಬಲಗೈ ಹೋಯಿತು. ಅವತ್ತು ಬೆರಳು ಹೋದದ್ದು ಇದೇ ಹೊತ್ತಿನಲ್ಲಿ. ಕೈಗೂ ಅದು ಜ್ಞಾಪಕವಾಯಿತೋ ಏನೋ, ಕಿರುಬೆರಳು ನಡುಗತೊಡಗಿತು. ಅಂಗೈ ಆ ಕಡೆಗೆ ಒಂದಿಷ್ಟು ವಾಲಿತು. ಅತ್ತೆಯ ಬೊಗಸೆ ಮೇಲಕ್ಕೆ ಬಂತು. ಗಟ್ಟಿಯಾಗಿ ಹಿಡಿ ಎಂದು ಮೈಯೆಲ್ಲ ಕೂಗುತ್ತಿತ್ತು.

ನಾನು ಹಿಡಿಯಲಿಲ್ಲ, ಬಿಡಲೂ ಇಲ್ಲ. ಆಟದ ಓಣಿಯಲ್ಲಿ ಕಂಬದ ಪಕ್ಕ ನಿಲ್ಲುವ ಹಾಗೆ ಕೂತಲ್ಲೇ ಸುಮ್ಮನಿದ್ದೆ. ದೀಪ ಉರಿಯುತ್ತಿತ್ತು. ಪತ್ರೆ ಹಿಡಿದ ಬಲಗೈ ಗಾಳಿಯಲ್ಲೇ ಕಾಯುತ್ತಿತ್ತು. ನಡುಕ ಬಂದ ಹಾಗೇ ಮೆಲ್ಲಗೆ ಹೋಯಿತು. ಕಿರುಬೆರಳು ಎದ್ದು ನಿಂತಿತು, ಅಂಗೈ ಸಮವಾಯಿತು. ಪತ್ರೆ ಏರಿಸಿದೆ. ಇನ್ನೊಂದು ಏರಿಸಿದೆ. ನನ್ನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಯಲ್ಲಿಟ್ಟುಕೊಂಡ ಮೇಲೆ ಅತ್ತೆ ಬೊಗಸೆ ಬಿಚ್ಚಿದರು. ಅಷ್ಟು ಹೊತ್ತು ಹಿಡಿದದ್ದಕ್ಕೆ ಈಗ ಅವರ ಕೈ ನಡುಗುತ್ತಿತ್ತು. ಸೆರಗಿನ ಮಡಿಕೆಯಲ್ಲಿ ಒಂದು ಬಿಲ್ವಪತ್ರೆ ಮಾತ್ರ ಬಿದ್ದಿತ್ತು. ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು ನನ್ನ ಮುಡಿಗೆ ಸಿಕ್ಕಿಸಿದರು. ಆಮೇಲೆ ತಮ್ಮ ಲಿಂಗ ತೆಗೆದುಕೊಂಡು ಪೂಜೆಗೆ ಕೂತರು. ಕೂತವರು ಒಂದು ಕ್ಷಣ ತಡೆದು ನನ್ನ ಕಡೆ ತಿರುಗಿದರು.

"ನಾಳೆ ಮೊದಲ್ನೇ ಬಸ್ಸಿಗೇ ಹೋಗೋಣ," ಎಂದರು. "ಆ ಏಕಾಂತಪ್ಪನಿಗೂ ಒಂದು ಗತಿ ಕಾಣಿಸ್ಬೇಕಲ್ಲ."